ಜಗ್ಗಿದರೆ ಜಗ್ಗದ ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಜೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತು ಮಳೆಯಲ್ಲಿ ನೆನೆಯುತ್ತವೆ. ಆಗಸ್ಟ್ ಬಂತೆಂದರೆ ಬಲೆ ಸಿದ್ಧ, ಐಸ್ ಸಿದ್ಧ, ಜನ ಸಿದ್ಧ. ಆದರೆ ಕೀಲಿ ತಿರುಗಿಸಿದಾಗ ಕೆಲವೊಮ್ಮೆ 'ಟಕ್' ಎಂಬ ಒಂದೇ ಸದ್ದು. ಎಂಜಿನ್ ಜಾಮ್! ಎಲ್ಲರ ಬೋಟೂ ಕಡಲಿಗಿಳಿಯುವಾಗ ನಮ್ಮದೊಂದೇ ದಡದಲ್ಲಿ ಉಳಿದರೆ ಆ ಮನೆಯ ಗತಿಯೇನು?

ಇಂಥ ಹೊತ್ತಿನಲ್ಲಿ ಎಲ್ಲರಿಗೂ ತೋಚುವುದು ಒಂದೇ: ಇನ್ನಷ್ಟು ಬಲ ಹಾಕುವುದು. ಅನುಭವಿ ಮೆಕ್ಯಾನಿಕ್ ಮಾತ್ರ ಹಾಗೆ ಮಾಡುವುದಿಲ್ಲ. ವೈದ್ಯರು ನಾಡಿ ನೋಡುವಂತೆ ಮೊದಲು ಕಾರಣ ಹುಡುಕುತ್ತಾನೆ.

ಬ್ಯಾಟರಿ ಸೋತಿದ್ದರೂ 'ಟಕ್' ಎನ್ನುತ್ತದೆ. ಅದನ್ನು ಮೊದಲು ನೋಡುತ್ತಾನೆ. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತರುತ್ತಾನೆ. ನೀರಿನಡಿಯ ಪ್ರೊಪೆಲ್ಲರ್‌ಗೆ ಹಗ್ಗವೋ ಬಲೆಯೋ ಸುತ್ತಿಕೊಂಡಿದ್ದರೆ ತಪ್ಪು ಎಂಜಿನ್ನಿನದಲ್ಲವಲ್ಲ! ಆನಂತರ ದೊಡ್ಡ ಸ್ಪ್ಯಾನರ್ ಹಿಡಿದು ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡುತ್ತಾನೆ.

ಸ್ವಲ್ಪ ತಿರುಗಿ, ಗೋಡೆಗೆ ಬಡಿದಂತೆ ಗಟ್ಟಿಯಾಗಿ ನಿಂತಿತೇ? ಹಾಗಾದರೆ ಸಿಲಿಂಡರಿನೊಳಗೆ ನೀರು ಸೇರಿರಬಹುದೆಂಬ ಅನುಮಾನ. ಹೊಗೆ ಹೋಗುವ ಕೊಳವೆಯ ಬಾಯಿ ತೆರೆದೇ ಇದ್ದರೆ ಮಳೆನೀರು ಅದರ ಮೂಲಕ ಒಳಗೆ ಇಳಿಯುತ್ತದೆ.

ಮಕ್ಕಳೇ, ಸೂಜಿಯಿಲ್ಲದ ಸಿರಿಂಜ್ ಸಿಕ್ಕರೆ ಒಂದು ಆಟ ಆಡಿ. ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಹಿಡಿ ಒಳಗೆ ಹೋಗುತ್ತದೆ. ಈಗ ಗಾಳಿ ಚೂರೂ ಉಳಿಯದಂತೆ ನೀರು ತುಂಬಿ ಒತ್ತಿ. ಜಪ್ಪಯ್ಯ ಎಂದರೂ ಅಲುಗದು! ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದಾಗ ಸ್ಟಾರ್ಟರ್ ಒತ್ತಿ ಹಟ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕಬ್ಬಿಣದ ರಾಡೇ ಬಾಗಬಹುದು. ಇಂಜೆಕ್ಟರ್‌ಗಳನ್ನು ಬಿಚ್ಚಿ, ಕೈಯಿಂದ ನಿಧಾನವಾಗಿ ತಿರುಗಿಸಿದರೆ ನೀರು ಆ ತೂತುಗಳಿಂದ ಚಿಮ್ಮಿ ಹೊರಬರುತ್ತದೆ. ಎಣ್ಣೆಗೂ ನೀರು ಬೆರೆತಿದ್ದರೆ ಅದು ಹಾಲು ಹಾಕಿದ ಚಹಾದಂತೆ ಕಾಣುತ್ತದೆ; ಅದನ್ನು ಬದಲಿಸಲೇಬೇಕು.

ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೂ ಅಲುಗದಿದ್ದರೆ? ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಅಂಟಿರಬಹುದು. ತುಕ್ಕು ಹಿಡಿದ ಬೀಗಕ್ಕೆ ಅಜ್ಜಿ ಏನು ಮಾಡುತ್ತಾರೆ? ಎಣ್ಣೆ ಬಿಟ್ಟು ಕಾಯುತ್ತಾರೆ. ಇಲ್ಲೂ ಅದೇ ಉಪಾಯ. ಸಿಲಿಂಡರಿಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಸುರಿದು ಎರಡು ಮೂರು ದಿನ ಬಿಡುತ್ತಾರೆ. ಆಮೇಲೆ ತೊಟ್ಟಿಲು ತೂಗಿದಂತೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಅಲುಗಿಸುತ್ತಾರೆ. ಕೂದಲೆಳೆಯಷ್ಟು ಜರುಗಿತೆಂದರೆ ಅರ್ಧ ಗೆದ್ದಂತೆ. ಮತ್ತೆ ಎಣ್ಣೆ, ಮತ್ತೆ ತಾಳ್ಮೆ. ಪೂರ್ತಿ ತಿರುಗಿದ ಮೇಲೆ ಒಳಗೆ ಉಳಿದದ್ದನ್ನು ಹೊರಹಾಕಿ, ಹೊಸ ಎಣ್ಣೆ ತುಂಬಿ, ಕೊನೆಗೆ ಸ್ಟಾರ್ಟ್ ಮಾಡುತ್ತಾರೆ.

ಓಡುತ್ತಿರುವಾಗಲೇ ನಿಂತ ಎಂಜಿನ್ನಿನ ಕತೆ ಬೇರೆ. ಎಣ್ಣೆ ಮುಗಿದಿದ್ದರೆ, ಇಲ್ಲವೇ ತಂಪಿಗೆಂದು ಕಡಲ ನೀರು ಎಳೆಯುವ ದಾರಿಗೆ ಪ್ಲಾಸ್ಟಿಕ್ ಚೀಲ ಅಡ್ಡಬಂದಿದ್ದರೆ, ಎಂಜಿನ್ ಕಾದು ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಗೋಡೆಯೇ ಗೀರಿಹೋಗಿದ್ದರೆ ಎಣ್ಣೆ ಬಿಟ್ಟು ಕಾದರೂ ಫಲವಿಲ್ಲ; ಎಂಜಿನ್ ಬಿಚ್ಚಿ ಕೆಟ್ಟ ಭಾಗ ಬದಲಿಸಬೇಕು. ನಡುಗಡಲಲ್ಲಿ ಹೀಗಾದರೆ ಬೋಟು ಗಾಳಿ ಎಳೆದತ್ತ ತೇಲುತ್ತದೆ. ನಾವು ಕಡಲತೀರದಲ್ಲಿ ಎಸೆದ ಒಂದು ಚೀಲವೂ ಇದಕ್ಕೆ ಸಾಕು.

ಇಷ್ಟೆಲ್ಲ ಪಾಡು ಬೇಡವೆಂದರೆ ರಜೆಗೆ ಮುನ್ನವೇ ಹಳೆ ಎಣ್ಣೆ ತೆಗೆದು ಹೊಸದು ಹಾಕಬೇಕು, ವಾರಕ್ಕೊಮ್ಮೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಮತ್ತೊಂದು ಕೆಲಸಕ್ಕಂತೂ ಖರ್ಚೇ ಇಲ್ಲ: ಹೊಗೆ ಕೊಳವೆಯ ಬಾಯಿಗೆ ಒಂದು ಖಾಲಿ ಡಬ್ಬ ಕವುಚಿ, ಗಾಳಿಗೆ ಹಾರದಂತೆ ಕಟ್ಟಿಬಿಡುವುದು. ಆಗಸ್ಟಿನಲ್ಲಿ ಅದನ್ನು ತೆಗೆಯಲು ಮಾತ್ರ ಮರೆಯಬಾರದು!