ಗಣಕಯಂತ್ರದ ಗುರುತು ತಪ್ಪಿದಾಗ

ಗಣಕಯಂತ್ರದ ಪರದೆಯ ಬಲಬದಿಯ ಕೆಳಮೂಲೆಯಲ್ಲಿ, ಹಿಂದಿನ ಚಿತ್ರವನ್ನು ಪೂರ್ತಿಯಾಗಿ ಮರೆಮಾಡದ ಮಾಸಲು ಅಕ್ಷರಗಳಲ್ಲಿ, ‘ಆಕ್ಟಿವೇಟ್ ವಿಂಡೋಸ್’ ಎಂಬ ಒಕ್ಕಣೆ ಒಂದು ಬೆಳಗ್ಗೆ ತಾನಾಗಿ ಮೂಡಿಬಿಟ್ಟರೆ, ಹಣ ತೆತ್ತು ನ್ಯಾಯವಾಗಿ ಕೊಂಡವರಿಗೂ ಕಳವಿನ ಶಂಕೆಗೆ ಗುರಿಯಾದೆವಲ್ಲಾ ಎಂಬ ಮುಜುಗರವಾಗುವುದು ಸಹಜ. ಕೆಲಸವೇನೂ ನಿಲ್ಲುವುದಿಲ್ಲ; ಕಡತಗಳು ತೆರೆಯುತ್ತವೆ, ಅಂತರ್ಜಾಲ ದೊರೆಯುತ್ತದೆ; ಪರದೆಯ ಅಲಂಕಾರವನ್ನು ಬದಲಿಸುವ ಸೆಟ್ಟಿಂಗ್ಸ್ ಪುಟಗಳಿಗೆ ಮಾತ್ರ ಬೀಗ ಬೀಳುತ್ತದೆ. ಆದರೂ ಅದನ್ನು ಕಂಡವರಲ್ಲಿ ಹೆಚ್ಚಿನವರು ಕಾರಣವನ್ನು ವಿಚಾರಿಸದೆ ಯಂತ್ರವನ್ನು ಅಂಗಡಿಗೆ ಹೊತ್ತು, ವಿಂಡೋಸನ್ನು ಅಳಿಸಿ ಮತ್ತೆ ಹಾಕಿಸಿಕೊಂಡು ಬರುತ್ತಾರೆ. ಇದು ಬಹುಮಟ್ಟಿಗೆ ವ್ಯರ್ಥಶ್ರಮವೆಂದೂ, ಗುರುತು ತಪ್ಪಿದ್ದು ಎಲ್ಲಿ ಎಂಬುದನ್ನು ಮೊದಲು ಕಂಡುಕೊಳ್ಳುವುದೇ ಚಿಕಿತ್ಸೆಯ ಮುಕ್ಕಾಲು ಪಾಲೆಂದೂ ನನ್ನ ಮತ.

ಕೀಯನ್ನೂ ಯಂತ್ರದ ಗುರುತನ್ನೂ ಮೈಕ್ರೋಸಾಫ್ಟಿಗೆ ಒಪ್ಪಿಸಿ ಮಂಜೂರಾತಿ ಪಡೆಯುವ ಆಕ್ಟಿವೇಷನ್ ಪದ್ಧತಿ ಮನೆಬಳಕೆಯ ವಿಂಡೋಸಿಗೆ ಬಂದದ್ದು 2001ರ ಅಕ್ಟೋಬರಿನಲ್ಲಿ, ಎಕ್ಸ್‌ಪಿಯೊಡನೆ. ಅದಕ್ಕೆ ಮುಂಚೆ ಒಂದೇ ಸಿ.ಡಿ.ಯಿಂದ ಊರಿನ ಯಂತ್ರಗಳಿಗೆಲ್ಲ ವಿಂಡೋಸ್ ಹಾಕಬಹುದಾಗಿತ್ತು. ಏಕೆಂದರೆ, ಐದೈದರ ಐದು ಗುಂಪುಗಳಾಗಿ ಅಚ್ಚಾಗಿರುವ 25 ಅಕ್ಷರಗಳ ಪ್ರಾಡಕ್ಟ್ ಕೀ ಸರಿಯೋ ತಪ್ಪೋ ಎಂಬುದನ್ನು ಯಂತ್ರವು ತನ್ನೊಳಗೇ ಗಣಿಸಿ ನೋಡುತ್ತಿತ್ತೇ ಹೊರತು, ಅದೇ ಕೀಯನ್ನು ಇನ್ನೆಷ್ಟು ಮಂದಿ ಬಳಸಿದರೆಂದು ತಿಳಿಯುವ ಮಾರ್ಗ ಅದಕ್ಕಿರಲಿಲ್ಲ. (ಕೀಯನ್ನು ಕೈಯಿಂದ ಟೈಪ್ ಮಾಡುವವರು ಒಂದು ಸಂಗತಿಯನ್ನು ನೆನಪಿಡತಕ್ಕದ್ದು: ಅದರಲ್ಲಿ ಸೊನ್ನೆಯೂ ಇಲ್ಲ, ‘ಓ’ ಅಕ್ಷರವೂ ಇಲ್ಲ, ಒಂದೂ ಇಲ್ಲ, ‘ಐ’ಯೂ ಇಲ್ಲ. ‘ಬಿ’ ಮತ್ತು 8 ಮಾತ್ರ ಎರಡೂ ಬರುವುದರಿಂದ ಮಾಸಿದ ಚೀಟಿಯಲ್ಲಿ ತೊಡಕಾಗುವುದು ಅಲ್ಲಿಯೇ.) ಎಕ್ಸ್‌ಪಿಯಾದರೋ ಪ್ರೊಸೆಸರ್, ಹಾರ್ಡ್ ಡಿಸ್ಕ್, ರ‍್ಯಾಮ್, ನೆಟ್‌ವರ್ಕ್ ಕಾರ್ಡ್ ಮೊದಲಾದ ಹತ್ತು ಅಂಶಗಳನ್ನು ಪರಿಶೀಲಿಸಿ, ಹ್ಯಾಶ್ ಎಂಬ ಗಣಿತಕ್ರಿಯೆಯಿಂದ ಅವನ್ನು ಚಿಕ್ಕ ಚಿಕ್ಕ ಸಂಖ್ಯೆಗಳನ್ನಾಗಿ ಕುಗ್ಗಿಸಿ, ಕೀಯೊಡನೆ ಕೂಡಿಸಿ ಮೈಕ್ರೋಸಾಫ್ಟಿಗೆ ಒಪ್ಪಿಸುತ್ತಿತ್ತು. ಹಾಗೆ ಕುಗ್ಗಿಸಿದ ಸಂಖ್ಯೆಯಿಂದ ಮೂಲ ಭಾಗದ ವಿವರವನ್ನು ಹಿಂದಕ್ಕೆ ತೆಗೆಯಲಾಗದು. ಎರಡು ಸಂಖ್ಯೆಗಳು ಹೊಂದುವುವೇ ಎಂದು ನೋಡಬಹುದು, ಅಷ್ಟೆ. ಅಂತರ್ಜಾಲವಿಲ್ಲದವರು 50 ಅಂಕೆಗಳ ಸಂಖ್ಯೆಯೊಂದನ್ನು ದೂರವಾಣಿಯಲ್ಲಿ ಒಪ್ಪಿಸಬೇಕಾಗುತ್ತಿತ್ತು. ಇದಕ್ಕೆಲ್ಲ 30 ದಿನಗಳ ಅವಕಾಶವಿತ್ತು.

ಇಲ್ಲಿ ತಾರ್ಕಿಕರಿಗೆ ಪ್ರಿಯವಾದ ಪ್ರಶ್ನೆಯೊಂದು ಎದುರಾಗುತ್ತದೆ. ಯಂತ್ರದ ಬಿಡಿಭಾಗಗಳು ಒಂದೊಂದಾಗಿ ಬದಲಾಗುತ್ತ ಹೋದರೆ, ಎಲ್ಲಿಯವರೆಗೆ ಅದು ಹಿಂದಿನ ಯಂತ್ರವೇ? ‘ಆ ದೇವದತ್ತನೇ ಈತ’ ಎಂಬ ನಮ್ಮ ವೇದಾಂತಿಗಳ ಉದಾಹರಣೆಯಲ್ಲಿ, ಅಂದಿನ ದೇಶಕಾಲಗಳನ್ನೂ ಇಂದಿನ ದೇಶಕಾಲಗಳನ್ನೂ ಕೈಬಿಟ್ಟು ವ್ಯಕ್ತಿಯೊಂದನ್ನೇ ಉಳಿಸಿಕೊಳ್ಳುವುದರಿಂದ ಅಭೇದವು ಸಿದ್ಧಿಸುತ್ತದೆ. ಮೈಕ್ರೋಸಾಫ್ಟಿನವರು ಆರಿಸಿಕೊಂಡ ಉಪಾಯವೂ ಇದಕ್ಕೆ ತೀರ ದೂರವಾದುದಲ್ಲ: ಒಂದೆರಡು ಭಾಗ ಹೊಂದದಿದ್ದರೆ ಬಿಟ್ಟುಬಿಡುವುದು, ಎಲ್ಲಕ್ಕೂ ಒಂದೇ ತೂಕ ಕೊಡದಿರುವುದು. ರ‍್ಯಾಮ್ ಹೆಚ್ಚಿಸಿದರೆ ಸಾಮಾನ್ಯವಾಗಿ ಯಾವ ಆಕ್ಷೇಪವೂ ಏಳದು. ಮದರ್‌ಬೋರ್ಡ್ ಬದಲಾದರೆ ಅದು ಬೇರೆಯೇ ಯಂತ್ರವೆಂದು ತೀರ್ಮಾನವಾಗುತ್ತದೆ. 2012ರ ವಿಂಡೋಸ್ 8ರಿಂದ ಈಚೆಗೆ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ ಅಡಗಿಸಿಡುತ್ತಿದ್ದಾರೆ. 2015ರಲ್ಲಿ ಬಂದ ವಿಂಡೋಸ್ 10ರಲ್ಲಿಯಂತೂ ಅನೇಕರಿಗೆ ಕೀಯ ಗೊಡವೆಯೇ ತಪ್ಪಿ, ‘ಈ ಗುರುತಿನ ಯಂತ್ರಕ್ಕೆ ಪರವಾನಗಿ ಉಂಟು’ ಎಂಬ ದಾಖಲೆ ದೂರದ ಸರ್ವರಿನಲ್ಲಿ ಉಳಿದುಕೊಳ್ಳುವ ಡಿಜಿಟಲ್ ಲೈಸೆನ್ಸ್ ರೂಢಿಗೆ ಬಂತು.

ಆದುದರಿಂದ, ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟವನ್ನು ತೆರೆದು, ಅಲ್ಲಿ ಕಾಣುವ ಸಂಕೇತದ ಬಾಲವನ್ನು ಓದುವುದು ಮೊದಲ ಕೆಲಸ. ‘ಎಫ್211’ ಎಂದು ಮುಗಿದಿದ್ದರೆ ಯಂತ್ರಾಂಗ ಬದಲಾಗಿದೆಯೆಂದೂ, ‘ಸಿ008’ ಎಂದಿದ್ದರೆ ಕೀಯನ್ನು ಅನುಮತಿಗಿಂತ ಹೆಚ್ಚು ಯಂತ್ರಗಳಲ್ಲಿ ಬಳಸಲಾಗಿದೆಯೆಂದೂ, ‘ಸಿ003’ ಎಂದಿದ್ದರೆ ಕೀಯನ್ನೇ ತಡೆಹಿಡಿಯಲಾಗಿದೆಯೆಂದೂ ತಿಳಿಯತಕ್ಕದ್ದು. ಮದರ್‌ಬೋರ್ಡ್ ರಿಪೇರಿಗೆ ಕೊಡುವವರು ಅದಕ್ಕೆ ಮುಂಚೆಯೇ ಪರವಾನಗಿಯನ್ನು ತಮ್ಮ ಮೈಕ್ರೋಸಾಫ್ಟ್ ಖಾತೆಯೊಡನೆ ಜೋಡಿಸಿಟ್ಟಿದ್ದರೆ, ಅನಂತರ ಅದೇ ಪುಟದ ಟ್ರಬಲ್‌ಶೂಟರಿನಲ್ಲಿ ‘ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಆಯ್ಕೆಯನ್ನು ಒತ್ತಿ ಹಳೆಯ ದಾಖಲೆಯನ್ನು ಮರಳಿ ಪಡೆಯಲು ಯತ್ನಿಸಬಹುದು. ಹೊಸ ಯಂತ್ರದೊಡನೆ ಬಂದ ಒ.ಇ.ಎಂ. ಪರವಾನಗಿಯಾದರೆ ಆ ಯಂತ್ರದೊಡನೆಯೇ ಅದರ ಆಯುಷ್ಯ ಮುಗಿಯುತ್ತದೆ. ಬೇರೆಯಾಗಿ ಕೊಂಡ ರೀಟೇಲ್ ಪರವಾನಗಿಯನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಹೋಮ್ ಆವೃತ್ತಿಯ ಕೀಗೆ ಪ್ರೊ ಆವೃತ್ತಿ ಜಗ್ಗುವುದಿಲ್ಲವೆಂಬುದನ್ನು ಹೇಳಬೇಕಾದ್ದಿಲ್ಲ. ಆದರೆ ಅಂಗಡಿಯಲ್ಲಿ ಹೊಸದಾಗಿ ವಿಂಡೋಸ್ ಹಾಕುವವರು ಹೋಮ್ ಇದ್ದೆಡೆ ಪ್ರೊ ಹಾಕಿಬಿಡುವುದು ಅಪರೂಪವೇನಲ್ಲ.

ಯಾವ ಭಾಗವೂ ಬದಲಾಗದೆ ತೊಡಕು ಬಂದಲ್ಲಿ ಗಡಿಯಾರವನ್ನು ನೋಡಬೇಕು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತಹ, ಸಿಆರ್2032 ಎಂದು ಕೆತ್ತಿರುವ 3 ವೋಲ್ಟಿನ ಬಿಲ್ಲೆಬ್ಯಾಟರಿಯೊಂದು ಇರುತ್ತದೆ; ವಿದ್ಯುತ್ತು ಇಲ್ಲದಾಗ ಕಾಲಗಣನೆಯನ್ನು ನಡೆಸುವುದು ಅದರ ಧರ್ಮ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವ ನಮ್ಮ ಮನೆಗಳಲ್ಲಿ, ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ ಆಸರೆ ದೊರೆಯದೆ, ಆ ಬಿಲ್ಲೆಯ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಅದು ಬರಿದಾದರೆ ಬೆಳಗ್ಗೆ ಯಂತ್ರವು ಎಷ್ಟೋ ವರ್ಷ ಹಿಂದಿನ ಜನವರಿ ಒಂದನೆಯ ತಾರೀಖಿನಲ್ಲಿ ಎಚ್ಚರಗೊಳ್ಳುತ್ತದೆ. ಆಗ ಸರ್ವರು ತೋರಿಸುವ ಭದ್ರತಾ ಪ್ರಮಾಣಪತ್ರವು ಯಂತ್ರದ ಎಣಿಕೆಯಲ್ಲಿ ಇನ್ನೂ ಜಾರಿಗೆ ಬಾರದ ಪತ್ರವಾಗಿ ಕಂಡು, ಸಂಪರ್ಕವೇ ನಿರಾಕೃತವಾಗುತ್ತದೆ. ಕೀಯನ್ನು ದೂಷಿಸುತ್ತ ಕುಳಿತವರಿಗೆ, ಬ್ಯಾಂಕಿನ ಜಾಲತಾಣವೂ ಅಂದೇ ತೆರೆಯಲೊಲ್ಲದೆಂಬುದು ಲಕ್ಷ್ಯಕ್ಕೆ ಬಂದರೆ ಸಾಕು. ಕೆಲವೇ ರೂಪಾಯಿಗಳ ಬಿಲ್ಲೆಯಿಂದ ಕಾರ್ಯ ಸಾಧ್ಯವಾಗುತ್ತದೆ.

ಕಚೇರಿಯ ಹಳೆಯ ಲ್ಯಾಪ್‌ಟಾಪನ್ನು ಅಗ್ಗವಾಗಿ ಕೊಂಡು ಮನೆಗೆ ತಂದವರ ಕಥೆ ಬೇರೆ. ದೊಡ್ಡ ಸಂಸ್ಥೆಗಳು ತಮ್ಮೊಳಗೇ ಕೆ.ಎಂ.ಎಸ್. ಎಂಬ ಸರ್ವರೊಂದನ್ನು ಇಟ್ಟುಕೊಂಡಿರುತ್ತವೆ. ಕನಿಷ್ಠ 25 ಯಂತ್ರಗಳು ಕೋರಿಕೆ ಸಲ್ಲಿಸಿದ ಹೊರತು ಅದು ಅವಕ್ಕೆ ಅನುಮತಿ ನೀಡದು. ನೀಡಿದ ಅನುಮತಿಯ ಅವಧಿ 180 ದಿನ. ಯಂತ್ರಗಳು ಏಳು ದಿನಗಳಿಗೊಮ್ಮೆ ಅದನ್ನು ಸಂಪರ್ಕಿಸಿ ನವೀಕರಿಸಿಕೊಳ್ಳುತ್ತವೆ. ಕಚೇರಿಯ ಜಾಲವನ್ನು ಬಿಟ್ಟುಬಂದ ಯಂತ್ರ ಆರು ತಿಂಗಳು ನಿರಾತಂಕವಾಗಿ ನಡೆದು, ಆಮೇಲೆ ಒಂದು ದಿನ ಅದರ ಪರದೆಯ ಮೂಲೆಯಲ್ಲಿ ಒಕ್ಕಣೆ ಮೂಡುತ್ತದೆ. ಇದಕ್ಕೆ ಸ್ವಂತ ಪರವಾನಗಿ ಕೊಳ್ಳುವುದಲ್ಲದೆ ಬೇರೆ ನ್ಯಾಯವಾದ ದಾರಿಯಿಲ್ಲ. ‘ಆಕ್ಟಿವೇಟರ್’ ಎಂಬ ಹೆಸರಿನಿಂದ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ತಂತ್ರಾಂಶಗಳಲ್ಲಿ ಅನೇಕವು ಯಂತ್ರದೊಳಗೇ ಸುಳ್ಳು ಕೆ.ಎಂ.ಎಸ್. ಒಂದನ್ನು ಕಟ್ಟಿ ನಿಲ್ಲಿಸುತ್ತವೆ; ಮೊದಲು ಆಂಟಿವೈರಸ್ಸನ್ನು ಆರಿಸೆಂದು ಹೇಳುವ ಅತಿಥಿಯ ಉದ್ದೇಶವನ್ನು ಓದುಗರೇ ಊಹಿಸಬಹುದು.

ಇನ್ನು ತಪ್ಪು ಸರ್ವರಿನದೇ ಆಗಿರುವ ಸಂದರ್ಭಗಳೂ ಉಂಟು. 2007ರ ಆಗಸ್ಟಿನಲ್ಲಿ, ಇನ್ನೂ ಪರೀಕ್ಷಾವಸ್ಥೆಯಲ್ಲಿದ್ದ ತಂತ್ರಾಂಶವು ಮೈಕ್ರೋಸಾಫ್ಟಿನ ನೈಜತಾಪರೀಕ್ಷೆಯ ಸರ್ವರುಗಳಿಗೆ ಪ್ರಮಾದದಿಂದ ಸೇರಿಹೋಗಿ, ಸುಮಾರು 19 ಗಂಟೆಗಳ ಕಾಲ ನಿಜವಾದ ವಿಂಡೋಸನ್ನೂ ಖೋಟಾ ಎಂದು ಸಾರುತ್ತಿತ್ತು; 12,000ಕ್ಕೆ ತುಸು ಕಡಿಮೆ ಯಂತ್ರಗಳು ಈ ಅಪವಾದಕ್ಕೆ ಗುರಿಯಾದುವೆಂದು ಸಂಸ್ಥೆಯೇ ತಿಳಿಸಿತು. 2018ರ ನವೆಂಬರ್ 8ರಂದು ಸರಿಯಾದ ಪ್ರೊ ಪರವಾನಗಿಯಿದ್ದ ಅನೇಕ ವಿಂಡೋಸ್ 10 ಯಂತ್ರಗಳಿಗೆ, ನಿಮ್ಮದು ಹೋಮ್ ಪರವಾನಗಿ, ಹೋಮ್ ಆವೃತ್ತಿಯನ್ನು ಹಾಕಿಕೊಳ್ಳಿ ಎಂಬ ಸೂಚನೆ ಬಂತು. ಅದನ್ನು ನಂಬಿ ಹೋಮ್ ಹಾಕಿಕೊಂಡವರಿಗೆ ದಿನವೆಲ್ಲ ದುಡಿಮೆ, ಮತ್ತೆ ಪ್ರೊ ಹಾಕಿಕೊಳ್ಳುವ ಇನ್ನೊಂದು ದುಡಿಮೆ. ಏನನ್ನೂ ಮುಟ್ಟದೆ ಕಾದವರಿಗೆ ಸಂಸ್ಥೆಯ ತಿದ್ದುಪಡಿ ತಾನಾಗಿ ಬಂದು ಮುಟ್ಟಿತು, ಅಥವಾ ಟ್ರಬಲ್‌ಶೂಟರನ್ನು ಒಮ್ಮೆ ನಡೆಸಿದ್ದೇ ಸಾಕಾಯಿತು.