ತಲೆಯೊಳಗೆ ನಿಂಬೆಹಣ್ಣು!

ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುತ್ತದಲ್ಲ, ಮಿದುಳಿನ ರಕ್ತನಾಳವೂ ಹಾಗೇ ಉಬ್ಬುವುದುಂಟು. ಡಾಕ್ಟರರ ಮಾತಿನಲ್ಲಿ ಅನ್ಯೂರಿಸಂ. ಉಬ್ಬು 25 ಮಿಲಿಮೀಟರ್, ಅಂದರೆ ಸುಮಾರು ಒಂದಿಂಚು ಮುಟ್ಟಿದರೆ ಅದಕ್ಕೆ ‘ದೈತ್ಯ’ ಎಂಬ ಬಿರುದು. ಸಣ್ಣ ನಿಂಬೆಹಣ್ಣಿನ ಗಾತ್ರ!

ಸಣ್ಣ ಉಬ್ಬಿಗೆ ಮದ್ದು ಹಳೆಯದೇ. 1937ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾ. ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಉಬ್ಬಿನ ಕುತ್ತಿಗೆಗೆ ಬೆಳ್ಳಿ ಕ್ಲಿಪ್ ಹಾಕಿದರು. ಉಬ್ಬಿಗೆ ರಕ್ತ ನುಗ್ಗುವುದು ನಿಂತಿತು. ರೋಗಿ ಬದುಕಿದ.

ದೈತ್ಯನ ಮುಂದೆ ಈ ಆಟ ಸಲೀಸಲ್ಲ. ಕುತ್ತಿಗೆ ಅಗಲ, ಗೋಡೆ ಗಡಸು, ಒಳಗೆ ಹೆಪ್ಪುಗಟ್ಟಿದ ರಕ್ತ. ಕ್ಲಿಪ್ ಜಾರೀತು. ನಾಳವನ್ನೇ ಕಟ್ಟಿಬಿಟ್ಟರೆ? ಮಿದುಳಿಗೆ ರಕ್ತ ಸಾಲದೆ ಲಕ್ವ ಹೊಡೆದೀತು.

ಸೇತುವೆ ಮುಚ್ಚುವ ಮುಂಚೆ ಬಸ್ಸಿಗೆ ಬದಲಿ ರಸ್ತೆ ಬೇಕು ತಾನೆ? ಇಲ್ಲೂ ಅದೇ ಉಪಾಯ. 1967ರಲ್ಲಿ ಜ್ಯೂರಿಕ್‌ನಲ್ಲಿ ಡಾ. ಯಾಸರ್ಗಿಲ್ ನೆತ್ತಿಚರ್ಮದ ನಾಳವನ್ನು ಮಿದುಳಿನ ನಾಳಕ್ಕೆ ಹೊಲಿದು ದಾರಿ ತೋರಿಸಿದರು. ಈಗ ಕೈಯಿಂದಲೋ ಕಾಲಿನಿಂದಲೋ ನಾಳ ತೆಗೆದೂ ಬೈಪಾಸ್ ಹೊಲಿಯುತ್ತಾರೆ. ಆಮೇಲೆ ಕೆಟ್ಟ ನಾಳ ಮುಚ್ಚುತ್ತಾರೆ. ಕೆಲವರಿಗೆ ಬುರುಡೆ ತೆರೆಯದೆ, ತೊಡೆಸಂದಿನ ನಾಳದಿಂದ ಸಣ್ಣ ಜಾಲರಿ ಕೊಳವೆ ಏರಿಸುವುದೂ ಉಂಟು. ಅಮೆರಿಕದ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅನ್ಯೂರಿಸಂ ಶಸ್ತ್ರಚಿಕಿತ್ಸೆ ಇದೆ.

ಆದರೆ ಉಬ್ಬು ಒಡೆದರೆ ಗಂಟೆ ಗಂಟೆಗೂ ಬೆಲೆ. ಹುಟ್ಟಿದಾಗಿನಿಂದ ಕಾಣದಂಥ ತಲೆನೋವು ಸಿಡಿಲಿನಂತೆ ಬಡಿದರೆ, ಜೊತೆಗೆ ವಾಂತಿ ಬಂದು ಕತ್ತು ಬಿಗಿದರೆ, ಮಾತ್ರೆ ನುಂಗಿ ಮಲಗಬೇಡಿ. ಅಂಗಡಿ ಬಾಗಿಲು ಹಾಕಿಸಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಅದಕ್ಕೂ ಮುಂಚೆ ಬಿ.ಪಿ. ನೋಡಿಸಿಕೊಳ್ಳಿ, ಬೀಡಿ ಬಿಡಿ. ನಾಳ ಉಬ್ಬಿಸುವುದರಲ್ಲಿ ಈ ಎರಡರ ಕೈವಾಡ ದೊಡ್ಡದು!