ಮಹಾಗನಿ ಕುರ್ಚಿ ಏಕೆ ಅಲುಗುವುದಿಲ್ಲ?

ಉಣಕಲ್ಲಿನ ರೈತರೊಬ್ಬರು ಕೇಳಿದ್ದಾರೆ: ‘2 ಎಕರೆ ಮಹಾಗನಿ ಹಚ್ಚಿದ್ರ 12 ವರ್ಷಕ್ಕ ಕೋಟಿ ರೂಪಾಯಿ ಅಂತಾರ್ರೀ. ಅಂಥಾದ್ದೇನೈತ್ರಿ ಆ ಕಟ್ಟಿಗ್ಯಾಗ?’ ಕೋಟಿಯ ಲೆಕ್ಕಕ್ಕೆ ಆಮೇಲೆ ಬರೋಣ. ಕಟ್ಟಿಗೆಯಲ್ಲಿ ಏನಿದೆ ಎಂಬ ಪ್ರಶ್ನೆ ನನಗೆ ಬಹಳ ಹಿಡಿಸಿತು. ಉತ್ತರ ಸಿಗುವುದು 18ನೇ ಶತಮಾನದ ಲಂಡನ್ನಿನ ಕುರ್ಚಿಗಳಲ್ಲಿ.

ಆಷಾಢದ ಜಿಟಿಜಿಟಿ ಮಳೆಯಲ್ಲಿ ಚೌಕಟ್ಟಿಗೆ ಹಿಡಿದುಕೊಳ್ಳುವ ಬಾಗಿಲು ಏಪ್ರಿಲ್ ಬಿಸಿಲಲ್ಲಿ ಸಲೀಸಾಗಿ ತೆರೆಯುತ್ತದೆ. ಕಟ್ಟಿಗೆ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಹಸಿ ಜೋಳದ ದಂಟನ್ನು ಬಿಗಿಯಾಗಿ ಸಿವುಡು ಕಟ್ಟಿಟ್ಟು ತಿಂಗಳು ಬಿಟ್ಟು ನೋಡಿ. ದಂಟಿನ ಉದ್ದ ಇದ್ದಷ್ಟೇ ಇದೆ, ಮೈ ಬತ್ತಿದೆ, ಕಟ್ಟು ಸಡಿಲಾಗಿದೆ. ಮರವೂ ಅಂಥದೇ ಒಂದು ಸಿವುಡು. ಕಣ್ಣಿಗೆ ಕಾಣದಷ್ಟು ಸಣ್ಣ ನಳಿಕೆಗಳ ಕಟ್ಟು. ಉದ್ದಕ್ಕೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ಎರಡು ಬಗೆ: ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ, ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು. ಈ ಎರಡರ ಜಗಳವೇ ಹಲಗೆಯನ್ನು ಸೊಟ್ಟಗಾಗಿಸುತ್ತದೆ, ಸೀಳುತ್ತದೆ.

ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಅಮೆರಿಕದ ಬಿಳಿ ಓಕ್ ಒಂದು ದಿಕ್ಕಿಗೆ 5.6%, ಇನ್ನೊಂದಕ್ಕೆ 10.5% ಕುಗ್ಗುತ್ತದೆ. ನಮ್ಮ ಸಾಗವಾನಿ 2.5 ಮತ್ತು 5.8. ಮಹಾಗನಿ 3.0 ಮತ್ತು 4.1. ಎರಡು ದಿಕ್ಕಿನ ಕುಗ್ಗುವಿಕೆ ಇಷ್ಟು ಹತ್ತಿರ ಬರುವ ಮರಗಳು ವಿರಳ. ಈ ಪುಟ್ಟ ಅಂಕಿಗಳನ್ನು ನೋಡಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ.

ಕುರ್ಚಿಗೆ ಇದು ಜೀವದ ಮಾತು. ನಿಂತ ಕಾಲಿನಲ್ಲಿ ಚೌಕ ತೂತು ಕೊರೆದು, ಮಲಗಿದ ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಒಳಗೆ ಕೂಡಿಸುತ್ತಾರೆ. ಎರಡರ ಎಳೆಗಳೂ ಒಂದಕ್ಕೊಂದು ಅಡ್ಡ. ಪ್ರತಿ ಮಳೆಗಾಲ, ಪ್ರತಿ ಬೇಸಿಗೆ ನಾಲಗೆ ಉಬ್ಬಿ ಕುಗ್ಗಿ ಅಂಟನ್ನು ಬಿಡಿಸುತ್ತದೆ. ಕೂತವರು ಹಿಂದಕ್ಕೆ ಒರಗಿದಾಗ ಬೀಳುವ ಜಗ್ಗಾಟವೂ ಅಲ್ಲಿಗೇ. ಮರ ಹೆಚ್ಚು ಅಲುಗದಿದ್ದರೆ ಮಾತ್ರ ಬಡಿಗನಿಗೆ ಕಾಲನ್ನು ಸಪೂರ ಮಾಡುವ, ಬೆನ್ನನ್ನು ಜಾಲರಿಯಂತೆ ಕೊರೆಯುವ ಧೈರ್ಯ ಬರುತ್ತದೆ.

ಆ ಧೈರ್ಯಕ್ಕೆ ಹೆಸರಾದವನು ಥಾಮಸ್ ಚಿಪ್ಪೆಂಡೇಲ್. 1718ರಲ್ಲಿ ಯಾರ್ಕ್‌ಷೈರಿನ ಆಟ್ಲಿಯಲ್ಲಿ ಹುಟ್ಟಿ, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿ ಕಾರ್ಖಾನೆ ಇಟ್ಟ. 1754ರಲ್ಲಿ ತನ್ನ ನಕ್ಷೆಗಳನ್ನೇ ಪುಸ್ತಕ ಮಾಡಿ ಮಾರಿದ. ಅದನ್ನು ನೋಡಿ ಯಾವ ಊರಿನ ಬಡಿಗನೂ ಕೆಲಸ ಶುರುಮಾಡಬಹುದಿತ್ತು. ಅವನ ಕೈಗೆ ಮಹಾಗನಿ ಸಿಕ್ಕಿದ್ದಕ್ಕೆ ಒಂದು ಕಾನೂನು ಕಾರಣ: 1721ರಲ್ಲಿ ಬ್ರಿಟಿಷ್ ಸಂಸತ್ತು ಜಮೈಕಾ ಸೇರಿದಂತೆ ಅಮೆರಿಕದ ತನ್ನ ವಸಾಹತುಗಳ ಕಟ್ಟಿಗೆಯ ಮೇಲಿನ ಸುಂಕ ತೆಗೆದುಹಾಕಿತು. ಜಮೈಕಾದ ಕಾಡುಗಳಲ್ಲಿ ಕೊಡಲಿ ಹಿಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕುರ್ಚಿಯ ಚೆಲುವನ್ನು ಹೊಗಳುವಾಗ ಅವರನ್ನು ಬಿಟ್ಟರೆ ಕಥೆ ಸುಳ್ಳಾಗುತ್ತದೆ. ಆ ಶತಮಾನ ಮುಗಿಯುವ ಮೊದಲೇ ಜಮೈಕಾದ ದೊಡ್ಡ ಮರಗಳು ತೀರಿದವು, ಹಡಗುಗಳು ಹೊಂಡುರಾಸ್ ತೀರಕ್ಕೆ ತಿರುಗಿದವು.

ವಿಲಾಯಿತಿ ಮಾದರಿಗಳು ನಮ್ಮಲ್ಲಿಗೂ ಬಂದವು. ನಮ್ಮ ಬಡಿಗರು ಅವನ್ನು ಸಾಗವಾನಿ, ಬೀಟೆಗೆ ಇಳಿಸಿದರು. 19ನೇ ಶತಮಾನದ ಮುಂಬಯಿಯಲ್ಲಂತೂ ಬೀಟೆ ಕುರ್ಚಿಗಳ ಕೆತ್ತನೆ ದೊಡ್ಡ ಉದ್ಯಮವೇ ಆಗಿತ್ತು. ದಾಂಡೇಲಿಯ ಸಾಗವಾನಿ ಮಗ್ಗುಲಲ್ಲೇ ಇರುವಾಗ ಧಾರವಾಡದ ಸೀಮೆಗೆ ಮಹಾಗನಿ ಯಾಕೆ ಬೇಕು?

ಮಹಾಗನಿ ನಮಗೆ ತೀರ ಪರಕೀಯವೂ ಅಲ್ಲ; ಅದು ಬೇವಿನ ಕುಟುಂಬದ ಮರ. ಜಮೈಕಾದ ಸಸಿಗಳು 1795ರಲ್ಲೇ ಕೋಲ್ಕತ್ತದ ಸಸ್ಯೋದ್ಯಾನ ಸೇರಿದ್ದವು. ಆದರೆ ನಮ್ಮ ಗಂಧಗರಿಗೆಯ ಕುಡಿ ಕೊರೆಯುವ ಹುಳ ಮಹಾಗನಿಯನ್ನೂ ಬಿಡುವುದಿಲ್ಲ. ಕುಡಿ ಸತ್ತರೆ ಮರ ಕವಲೊಡೆಯುತ್ತದೆ, ನೆಟ್ಟಗಿನ ದಿಮ್ಮಿ ಸಿಗುವುದಿಲ್ಲ.

ಈಗ ಕೋಟಿಯ ಲೆಕ್ಕ. ಲಂಡನ್ನಿನ ಕುರ್ಚಿಗಳಿಗೆ ಹೋದದ್ದು ಕಾಡಿನಲ್ಲಿ ತಾನಾಗಿ ಬೆಳೆದ ಹಳೆಯ ಹೆಮ್ಮರಗಳ ಕೆಂಪು ಚೇಗು, ಅಂದರೆ ನಡುವಿನ ಬಲಿತ ಕಟ್ಟಿಗೆ. ಎಳೆಯ ಮರದಲ್ಲಿ ಚೇಗು ಕಡಿಮೆ, ಬಿಳಿ ಕಟ್ಟಿಗೆ ಹೆಚ್ಚು. ಎರಡಕ್ಕೂ ಹೆಸರು ಒಂದೇ ಎಂದು ಬೆಲೆಯನ್ನೂ ಒಂದೇ ಹೇಳುವ ಜಾಹೀರಾತನ್ನು ನಾನು ನಂಬುವುದಿಲ್ಲ. ಬದುವಿಗೆ ನಾಲ್ಕು ಸಸಿ ಹಚ್ಚಲು ಅಡ್ಡಿಯಿಲ್ಲ. ಎರಡೂ ಎಕರೆ ಕೊಡುವ ಮುಂಚೆ, ಸಸಿ ಮಾರಲು ಬಂದವರಿಗೆ 12 ವರ್ಷದ ಒಂದು ಮರವನ್ನು ಅಡ್ಡ ಕೊಯ್ದು ತೋರಿಸಿ ಅನ್ನಿ. ನಡುವಿನ ಕೆಂಪು ಎಷ್ಟು ಬೆರಳಿದೆ, ನೀವೇ ಅಳೆಯಿರಿ.